ಹಾಲು ಬಿಟ್ಟ ಅಡುಗೆಯ ಪುಸ್ತಕಗಳು

ಪುಣೆಯಲ್ಲಿ ನೆಲೆಸಿರುವ ನಮ್ಮ ಬಳಗದ ಗೃಹಿಣಿಯೊಬ್ಬರ ಅಡುಗೆಮನೆಯ ಕಪಾಟಿನಲ್ಲಿ, ಪಂಚಾಂಗದ ಪಕ್ಕದಲ್ಲೇ, ಹನ್ನೊಂದು ಇಂಗ್ಲಿಷ್ ಪಾಕಪುಸ್ತಕಗಳು ಸಾಲಾಗಿ ನಿಂತಿವೆ. ಎಲ್ಲವೂ ‘ವೀಗನ್’ ಅಡುಗೆಯವು. ಎಂದರೆ ಮಾಂಸ, ಮೊಟ್ಟೆಗಳನ್ನಷ್ಟೇ ಅಲ್ಲದೆ ಹಾಲು, ಮೊಸರು, ತುಪ್ಪ, ಜೇನುಗಳನ್ನೂ ವರ್ಜಿಸಿದ ಅಡುಗೆ. ಕಳೆದ ವರ್ಷ ನವರಾತ್ರಿಯಲ್ಲಿ, ಕ್ಷೀರವ್ರತವಿನ್ನೂ ಮುಗಿಯದಿದ್ದಾಗ, ಅವರಲ್ಲಿಗೆ ಊಟಕ್ಕೆ ಹೋದ ನಾವು ಈ ಸಂಗ್ರಹವನ್ನು ಕಂಡು ಬೆರಗಾದೆವು.

ಸಂಗ್ರಹದ ಹಿಂದೆ ಒಂದು ನೋವಿನ ಕಥೆಯಿದೆ. ವ್ಯಾಸಂಗಕ್ಕಾಗಿ ಪರದೇಶಕ್ಕೆ ಹೋಗಿದ್ದ ಮಗಳು ಹಾಲನ್ನು ತ್ಯಜಿಸಿ ಮರಳಿದಳು. ಪೂಜೆಯ ದಿನ ಪಂಚಾಮೃತಕ್ಕೆ ಕೈಯೊಡ್ಡಲಿಲ್ಲ. ಅಜ್ಜಿ ಕಣ್ಣೀರಿಟ್ಟರು, ತಂದೆ ಕೋಪಗೊಂಡರು. ಮಗಳು ತಟ್ಟೆ ಹಿಡಿದು ತನ್ನ ಕೋಣೆಗೆ ಹೋಗಿ ಉಣ್ಣತೊಡಗಿದಳು. ತಾಯಿ ವಾದಕ್ಕಿಳಿಯದೆ ಮೊದಲನೆಯ ಪುಸ್ತಕವನ್ನು ಕೊಂಡರು. ಮಗಳನ್ನು ಮತ್ತೆ ಪಂಕ್ತಿಗೆ ಕರೆತರುವುದೊಂದೇ ಅವರ ಉದ್ದೇಶವಾಗಿತ್ತು.

ಈ ಬಗೆಯ ಪುಸ್ತಕಗಳು ಇಂದು ನಿನ್ನೆಯವಲ್ಲ. ರೂಪರ್ಟ್ ವೆಲ್ಡನ್ ಎಂಬವರು 1910ರಲ್ಲಿಯೇ ಇಂಗ್ಲೆಂಡಿನಲ್ಲಿ ಎರಡು ಪ್ರಬಂಧಗಳನ್ನೂ ನೂರು ಪಾಕಗಳನ್ನೂ ಕೂಡಿಸಿ ಇಂತಹದೊಂದು ಗ್ರಂಥವನ್ನು ಪ್ರಕಟಿಸಿದ್ದರು. ‘ವೀಗನ್’ ಎಂಬ ಶಬ್ದ ಹುಟ್ಟಿದ್ದು 1944ರಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ‘ವೆಜಿಟೇರಿಯನ್’ ಪದದ ಆದಿ ಅಂತ್ಯಗಳನ್ನು ಜೋಡಿಸಿ ಅದನ್ನು ರೂಪಿಸಿದರು. 2007ರ ‘ವೀಗನಾಮಿಕನ್’, 2012ರ ‘ವೀಗನ್ ಇಂಡಿಯನ್ ಕುಕಿಂಗ್’ ಮೊದಲಾದವು ಈ ತಾಯಿಯ ಕಪಾಟಿನಲ್ಲಿವೆ. ಪುಟಪುಟದಲ್ಲಿಯೂ ಅವರ ಪೆನ್ಸಿಲಿನ ಗುರುತುಗಳು: ಈರುಳ್ಳಿ ಬೆಳ್ಳುಳ್ಳಿಗಳನ್ನು ಹೊಡೆದುಹಾಕಿ ಅಂಚಿನಲ್ಲಿ ‘ಇಂಗು’ ಎಂದು ಬರೆದಿದ್ದಾರೆ. ಕೆಲವು ಪುಟಗಳಲ್ಲಿ ‘ಇದು ನಮ್ಮ ಕಾಯಿಹಾಲಿನ ಪಾಯಸವೇ’ ಎಂಬ ಟಿಪ್ಪಣಿಯೂ ಇದೆ.

ಇಲ್ಲಿ ಹಿರಿಯರು ಕೇಳುವ ಪ್ರಶ್ನೆ ಸಹಜವಾದುದು. ಹಾಲು ಸಾತ್ತ್ವಿಕಾಹಾರವಲ್ಲವೆ? ಉಡುಪಿಯ ಸ್ವಾಮಿ ಕಡೆಗೋಲನ್ನೇ ಕೈಯಲ್ಲಿ ಹಿಡಿದು ನಿಂತವನಲ್ಲವೆ? ಅವನು ಮೆಚ್ಚಿದ್ದನ್ನು ಬಿಡುವುದು ಧರ್ಮವೋ, ಹಟವೋ?

ನಾವು ಈ ಪ್ರಶ್ನೆಯನ್ನು ಬಹುದಿನ ಆಲೋಚಿಸಿದೆವು. ತ್ಯಾಗ ನಮಗೆ ಹೊಸದಲ್ಲ. ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದರಂತೆ ಶಾಕ, ದಧಿ, ಕ್ಷೀರ, ದ್ವಿದಳಗಳನ್ನು ಬಿಡುತ್ತ ಬಂದವರು ನಾವು. ಆದರೆ ಆ ತಿಂಗಳು ಹಾಲನ್ನು ಬಿಡುವಾಗ ನಮ್ಮ ಲಕ್ಷ್ಯವಿರುವುದು ನಮ್ಮ ನಾಲಗೆಯ ಮೇಲೆ, ನಮ್ಮ ನಿಯಮದ ಮೇಲೆ. ಹಾಲು ಕೊಟ್ಟ ಹಸುವಿನ ಗತಿಯೇನೆಂದು ನಾವು ಕೇಳುವುದಿಲ್ಲ. ಕೇಳುವ ಅಗತ್ಯ ಹಿಂದೆ ಇರಲಿಲ್ಲವೆಂದೂ ಹೇಳಬಹುದು. ಊರಿನಲ್ಲಿ ಹಸು ಹಿತ್ತಲ ಕೊಟ್ಟಿಗೆಯಲ್ಲೇ ಇತ್ತು, ಅದಕ್ಕೊಂದು ಹೆಸರಿತ್ತು, ಕರು ಕುಡಿದದ್ದನ್ನು ಕಣ್ಣಾರೆ ಕಂಡೇ ತಾಯಂದಿರು ಕರೆಯಲು ಕೂಡುತ್ತಿದ್ದರು. ಕರುವಿಗೆ ಮೊಲೆಯೂಡಿಸಿ ಮರಳುವೆನೆಂದು ಹುಲಿಗೆ ಮಾತು ಕೊಟ್ಟ ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ಮಕ್ಕಳಿಗೆ ಹಾಲು ಮೊದಲು ಯಾರದೆಂಬುದನ್ನು ಬೇರೆ ಕಲಿಸಬೇಕಾಗಿರಲಿಲ್ಲ.

ಮಹಾನಗರಗಳಿಗೆ ಬಂದ ನಮಗೆ ಹಾಲೆಂದರೆ ಮುಂಜಾನೆ ಬಾಗಿಲಿಗೆ ಬರುವ ಪೊಟ್ಟಣ. 1970ರಲ್ಲಿ ಆರಂಭವಾದ ಕ್ಷೀರಕ್ರಾಂತಿಯಿಂದ ಅಸಂಖ್ಯ ರೈತ ಕುಟುಂಬಗಳಿಗೆ ಆಧಾರ ದೊರೆತದ್ದು ಸತ್ಯ. ಅದನ್ನು ಮರೆಯುವುದು ಕೃತಘ್ನತೆ. ಆದರೆ ಉಳುಮೆಗೆ ಟ್ರ್ಯಾಕ್ಟರು, ಗರ್ಭಕ್ಕೆ ಕೃತಕ ಧಾರಣೆ ಬಂದಮೇಲೆ ಹೋರಿಗರುವಿನಿಂದ ಸಾಕಿದವನಿಗೆ ಪ್ರಯೋಜನವಿಲ್ಲದಂತಾಯಿತು. ಕೆಚ್ಚಲು ಬತ್ತಿದ ಹಸುವನ್ನು ಸಾಕುವ ಶಕ್ತಿಯೂ ಬಡ ರೈತನಿಗಿಲ್ಲ. ಆ ಕರು, ಆ ಮುದಿ ಹಸು ಎಲ್ಲಿಗೆ ಹೋದವು? ಮಗಳು ಕೇಳಿದ್ದು ಇದನ್ನೇ. ಉತ್ತರವಿಲ್ಲದಿದ್ದುದರಿಂದಲೇ ತಂದೆಗೆ ಕೋಪ ಬಂದಿರಬೇಕು. ಯಜ್ಞದಲ್ಲಿ ಪಶುವಿನ ಸ್ಥಾನದಲ್ಲಿ ಹಿಟ್ಟಿನ ಪಶುವನ್ನು ಇರಿಸಿದ ಪರಂಪರೆ ನಮ್ಮದು. ಅಂಥವರಿಗೆ ಈ ಪ್ರಶ್ನೆ ಪರಕೀಯವೆನಿಸಬಾರದು.

ಹಾಗೆಂದು ಪುಸ್ತಕಗಳೇ ಗೆದ್ದವೆಂದು ನಾವು ಹೇಳಲಾರೆವು. ಅವುಗಳಲ್ಲಿಯೂ ಒಂದು ಕೊರತೆಯಿದೆ. ಗೋಡಂಬಿಯಿಂದ ಕೆನೆ, ಸೋಯಾದಿಂದ ಹಾಲು, ಬೆಣ್ಣೆಯಿಲ್ಲದೆ ಬೆಣ್ಣೆಯ ರುಚಿ: ಏನನ್ನೂ ಕಳೆದುಕೊಳ್ಳದೆ ಎಲ್ಲವನ್ನೂ ಬಿಡಬಹುದೆಂಬ ಭರವಸೆ ಪುಟಪುಟದಲ್ಲಿದೆ. ‘ಹಸುವನ್ನು ನೆನೆಸಿ ಪುಸ್ತಕ ತೆರೆಯುತ್ತೇನೆ, ಓದುತ್ತ ಓದುತ್ತ ನಾಲಗೆಯನ್ನೇ ನೆನೆಸುತ್ತೇನೆ’ ಎಂದು ಆ ತಾಯಿಯೇ ನಕ್ಕು ಹೇಳಿದರು. ಹನ್ನೊಂದು ಪುಸ್ತಕಗಳನ್ನು ಕೊಂಡದ್ದೂ ಒಂದು ಬಗೆಯ ಚಾಪಲ್ಯವೇ ಎಂದು ಅವರ ಅಭಿಪ್ರಾಯ. ನಮ್ಮ ವ್ರತಕ್ಕೆ ನಾಲಗೆಯ ಎಚ್ಚರವಿದೆ, ಹಸುವಿನ ನೆನಪಿಲ್ಲ. ಆ ಪುಸ್ತಕಗಳಿಗೆ ಹಸುವಿನ ನೆನಪಿದೆ, ನಾಲಗೆಯ ಎಚ್ಚರ ಸಾಲದು. ಎರಡನ್ನೂ ಕೂಡಿಸಿಕೊಳ್ಳುವುದೇ ಶ್ರೇಯಸ್ಕರವೆಂದು ನಮಗೆ ತೋರುತ್ತದೆ.

ಗಾಂಧೀಜಿಯವರ ಬಾಳಿನಲ್ಲಿ ಇದಕ್ಕೊಂದು ನಿದರ್ಶನವಿದೆ. 1912ರಲ್ಲಿ ದಕ್ಷಿಣ ಆಫ್ರಿಕೆಯ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರು ಹಾಲನ್ನು ಬಿಟ್ಟರು. 1918ರಲ್ಲಿ ತೊಡಗಿದ ತೀವ್ರ ಅಸ್ವಾಸ್ಥ್ಯದ ಪರಿಣಾಮವಾಗಿ ಆಡಿನ ಹಾಲನ್ನು ಸ್ವೀಕರಿಸಿದರು. ವ್ರತ ತೊಟ್ಟಾಗ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳ ಹಾಲು ಮಾತ್ರ ಎಂಬುದು ಸಮಾಧಾನವಾಗಿದ್ದರೂ, ಅಕ್ಷರ ಉಳಿದು ಆಶಯ ಕೆಟ್ಟಿತೆಂದು ಆತ್ಮಕಥೆಯಲ್ಲಿ ನಿಸ್ಸಂಕೋಚವಾಗಿ ಒಪ್ಪಿಕೊಂಡರು. ಅಕ್ಷರದಲ್ಲಿ ವ್ರತ ನಡೆಸುವ ನಮಗೆಲ್ಲ ಆ ಪ್ರಾಮಾಣಿಕತೆ ಪಾಠವಾಗಬೇಕು.

ಆ ಮನೆಯಲ್ಲಿ ಈಗ ನಡೆದಿರುವ ಕ್ರಮವನ್ನು ಹೇಳಿ ಮುಗಿಸುತ್ತೇವೆ. ಕರುವಿಗೆ ಬಿಟ್ಟು ಉಳಿದದ್ದನ್ನಷ್ಟೇ ಕರೆಯುವ, ಬತ್ತಿದ ಹಸುಗಳನ್ನೂ ಸಾಕುವ ಗೋಶಾಲೆಯೊಂದರಿಂದ ತುಪ್ಪವನ್ನು ತರಿಸುತ್ತಾರೆ. ಬೆಲೆ ಹೆಚ್ಚಾದುದರಿಂದ ಅದು ದೇವರ ಅಭಿಘಾರಕ್ಕೂ ದೀಪಕ್ಕೂ ಮಾತ್ರ ಸಾಕಾಗುತ್ತದೆ. ಮಗಳಿಗಾಗಿ ಮಾಡುವ ಕಾಯಿಹಾಲಿನ ಪಾಯಸವೂ, ತುಪ್ಪ ಹಾಕದ ಹುಳಿಯೂ ನೈವೇದ್ಯದ ಸಾಲಿನಲ್ಲೇ ಇರುತ್ತವೆ. ಹಾಲು ಬಿಟ್ಟವರಿಗೆ ಬಿ-12 ಜೀವಸತ್ತ್ವ ಬೇರೆಯಾಗಿ ಬೇಕೆಂದು ಪುಸ್ತಕಗಳಿಂದಲೇ ತಿಳಿದು, ವೈದ್ಯರ ಸಲಹೆಯಂತೆ ಗುಳಿಗೆ ಕೊಡುತ್ತಿದ್ದಾರೆ. ಮಗಳು ಇಂದಿಗೂ ಪಂಚಾಮೃತವನ್ನು ಸ್ವೀಕರಿಸುವುದಿಲ್ಲ; ಅಜ್ಜಿಗೆ ಆ ದುಃಖ ಪೂರ್ತಿ ಹೋಗಿಲ್ಲ. ಆದರೆ ನಾವು ಹೋದ ದಿನ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದರು. ಪಾಯಸವನ್ನು ಅಜ್ಜಿಯೂ ಎರಡನೆಯ ಸಲ ಬಡಿಸಿಕೊಂಡರು.