ಉಂಡ ಮನೆಯ ಋಣ

ಅಮೆರಿಕದ ಪೀಸ್ ಕೋರ್ 1963ರಿಂದ ಪಶ್ಚಿಮ ಆಫ್ರಿಕದ ಸೆನೆಗಲ್‌ಗೆ ಸ್ವಯಂಸೇವಕರನ್ನು ಕಳಿಸುತ್ತ ಬಂದಿದೆ. ಸೇವೆ ಸಾಮಾನ್ಯವಾಗಿ ಎರಡು ವರ್ಷದ್ದು. ಹಳ್ಳಿಗೆ ಹೋದವರು ಅಲ್ಲಿನ ಒಂದು ಕುಟುಂಬದ ಜೊತೆಗೇ ಇರುತ್ತಾರೆ. ಮನೆಯವರು ಅವರಿಗೆ ತಮ್ಮ ಮನೆತನದ ಹೆಸರು ಕೊಡುತ್ತಾರೆ. ಎಷ್ಟೋ ಸಲ ತಮ್ಮಲ್ಲೇ ಒಬ್ಬರ ಹೆಸರನ್ನು ಇಡುತ್ತಾರೆ. ಊಟಕ್ಕೆ ನಾಲ್ಕಾರು ಜನ ಒಂದು ದೊಡ್ಡ ಬೋಗುಣಿಯ ಸುತ್ತ ಕೂರುತ್ತಾರೆ. ಅವರವರ ಮುಂದಿನ ಅನ್ನ ಅವರವರದು. ನಡುವೆ ಮೀನು, ಮರಗೆಣಸು, ಎಲೆಕೋಸು. ಮನೆಯೊಡತಿ ಮೀನನ್ನು ಮುರಿದು ಒಳ್ಳೆಯ ತುಂಡನ್ನು ಅತಿಥಿಯ ಕಡೆಗೆ ಸರಿಸುತ್ತಾಳೆ. ಕೊಡಲೆಂದು ಬಂದವರು ಮೊದಲ ದಿನವೇ ಪಡೆಯುವವರಾಗುತ್ತಾರೆ.

ಈ ಸ್ಥಿತಿಯನ್ನು ಅರ್ಥಮಾಡಿಕೊಳ್ಳಲು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟಿಸಿದ, ಕೊಡುಗೆಯನ್ನು ಕುರಿತ ಪ್ರಬಂಧ ನೆರವಾಗುತ್ತದೆ. ಪಾಲಿನೇಷ್ಯ, ಮೆಲನೇಷ್ಯ, ವಾಯವ್ಯ ಅಮೆರಿಕದ ಸಮಾಜಗಳನ್ನು ಹೋಲಿಸಿದ ಮೋಸ್‌ಗೆ ಕೊಡುಗೆಯಲ್ಲಿ ಮೂರು ಕಟ್ಟುಪಾಡು ಕಂಡವು: ಕೊಡಬೇಕು, ಸ್ವೀಕರಿಸಬೇಕು, ಮರಳಿ ಕೊಡಬೇಕು. ನಾವು ಸಾಮಾನ್ಯವಾಗಿ ಹೊಗಳುವುದು ಮೊದಲನೆಯದನ್ನು. ನನಗೆ ಎರಡನೆಯದೇ ಕಷ್ಟದ್ದೆನಿಸುತ್ತದೆ. ಮರಳಿಸಲಾಗದ ಕೊಡುಗೆ ಪಡೆದವನನ್ನು ಕೆಳಗಿಳಿಸುತ್ತದೆ ಎಂದೂ ಮೋಸ್ ಗುರುತಿಸಿದ್ದರು. ಬರಿಗೈಯಲ್ಲೇ ಇರುವಂತೆ ಒಬ್ಬರನ್ನು ನಿಲ್ಲಿಸಿ ಕೊಡುತ್ತಲೇ ಹೋದರೆ, ಅದು ಅವರ ಮರ್ಯಾದೆಯನ್ನು ಕಿತ್ತುಕೊಂಡಂತೆ. ಹಳ್ಳಿಗೆ ಬಂದ ಸ್ವಯಂಸೇವಕ ಒಳ್ಳೆಯ ಮನಸ್ಸಿನಿಂದಲೇ ಈ ತಪ್ಪು ಮಾಡಬಲ್ಲ. ಅವನ ಮುಂದೆ ಸರಿದು ಬಂದ ಆ ಮೀನಿನ ತುಂಡು ಅದನ್ನು ಸರಿಪಡಿಸುತ್ತದೆ. ಸಂಕೋಚದಿಂದ ಅದನ್ನು ಮಕ್ಕಳ ಕಡೆಗೆ ತಳ್ಳಿದರೆ ಅವನಿಗೆ ತ್ಯಾಗದಂತೆ ಕಾಣಬಹುದು. ಮನೆಯೊಡತಿಗೆ ತನ್ನ ಕೈಯನ್ನೇ ಹಿಂದಕ್ಕೆ ತಳ್ಳಿದಂತಾಗುತ್ತದೆ.

ಹಾಗಾದರೆ ತಿಂದದ್ದಕ್ಕೆ ದುಡ್ಡು ಕೊಟ್ಟರಾಯಿತಲ್ಲ? ಊಟದ ಬಾಬ್ತು ಒಂದಿಷ್ಟು ಕೊಡುವ ರೂಢಿ ಅನೇಕ ಕಡೆ ಇದೆ, ಕೊಡಲೂ ಬೇಕು. ಬಡ ಮನೆಯ ಅಕ್ಕಿಗೆ ಬೆಲೆಯಿದೆ. ಆದರೆ ಹಣ ಅಕ್ಕಿಯ ಲೆಕ್ಕವನ್ನಷ್ಟೇ ಮುಗಿಸುತ್ತದೆ. ಅಲ್ಜೀರಿಯದ ಕಬೀಲಿಯಾದಲ್ಲಿ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು ಇಲ್ಲೊಂದು ಸೂಕ್ಷ್ಮವನ್ನು ಸೇರಿಸಿದರು: ಕೊಡುಗೆಗೂ ಮರುಕೊಡುಗೆಗೂ ನಡುವೆ ಕಾಲ ಹಾಯಬೇಕು. ಕೊಟ್ಟ ಕ್ಷಣವೇ ಹಿಂದಿರುಗಿಸುವುದು ಋಣವನ್ನೇ ನಿರಾಕರಿಸಿದ ಹಾಗೆ. ಆ ನಡುವಿನ ಕಾಲದಲ್ಲೇ ಸಂಬಂಧ ಬೆಳೆಯುತ್ತದೆ.

ಪರದೇಶದ ಸೇವೆಯನ್ನು ಕಟುವಾಗಿ ಟೀಕಿಸಿದವರು ಚಿಂತಕ ಇವಾನ್ ಇಲಿಚ್. 1968ರಲ್ಲಿ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಅಮೆರಿಕದ ಸ್ವಯಂಸೇವಕರ ಎದುರಿಗೇ ಅವರು ಮಾತಾಡಿದರು. ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬುದು ಅವರ ವಾದ. ಸಹಾಯದ ಅಹಂಕಾರವನ್ನು ಅವರು ಹಿಡಿದದ್ದು ಸರಿ. ಕನ್ನಡಿಗರಿಗೆ ಈ ಎಚ್ಚರ ಹೊಸದಲ್ಲ: ಕೊಡುವೆನೆಂಬ ಭಾವ ಉಳಿದರೆ ದಾಸೋಹ ದಾಸೋಹವಾಗುವುದಿಲ್ಲ ಎಂಬ ಅರಿವು ಶರಣರಿಂದ ನಮಗೆ ಬಂದಿದೆ.

ಆದರೂ ಇಲಿಚ್ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ನೋಡಿ, ಕಲಿತು ಹೊರಡುವವರೂ ಪಡೆದೇ ಹೊರಡುತ್ತಾರೆ. ಮೂರನೆಯ ಕಟ್ಟುಪಾಡು ಅವರನ್ನೂ ಬಿಡುವುದಿಲ್ಲ. ಆದರೆ ಮರಳಿ ಏನು ಕೊಡಬೇಕು, ಯಾವಾಗ ಕೊಡಬೇಕು ಎಂಬುದನ್ನು ಅತಿಥಿ ತನ್ನ ಯೋಜನೆಯ ಕಡತ ನೋಡಿ ತೀರ್ಮಾನಿಸುವಂತಿಲ್ಲ. ಮನೆ ಕೇಳುತ್ತದೆ. ಶೇಂಗಾ ಕೀಳುವ ಕಾಲಕ್ಕೆ ಹೊಲಕ್ಕೆ ಬಾ ಅನ್ನುತ್ತದೆ, ನೆರೆಯವರ ಮಗುವಿನ ನಾಮಕರಣಕ್ಕೆ ಬಂದು ಕೂರು ಅನ್ನುತ್ತದೆ, ಸಾವಿನ ಮನೆಗೆ ಜೊತೆಗೆ ನಡೆ ಅನ್ನುತ್ತದೆ. ಅವರ ಮನೆತನದ ಹೆಸರು ಹೊತ್ತವನಿಗೆ ಆ ಕರೆ ಬರುವುದು ಸಹಜ, ಓಗೊಡುವುದು ಅವನ ಪಾಲಿನ ಕೆಲಸ.