ಇಂದಿನ ಧಮ್ಮ ಚಿಂತನೆ: ವಿಮಾನದೊಳಗಿನ ಮಹಾಸಯನ



ಕಳೆದ ವಾರ ನಮ್ಮ ಬಳಗದ ಉಪಾಸಿಕೆಯೊಬ್ಬರು ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದರು. ಅವರ ಮಗ ಬೆಂಗಳೂರಿನಲ್ಲಿ ಇಂಜಿನಿಯರ್. ಕಂಪನಿಯವರು ಅವನನ್ನು ಕೆಲಸದ ಮೇಲೆ ಜರ್ಮನಿಗೆ ಕಳಿಸಿದರು, ಅದೂ ಬಿಸಿನೆಸ್ ಕ್ಲಾಸಿನಲ್ಲಿ. ನಡುರಾತ್ರಿ ಕಳೆದ ಮೇಲೆ ಬೆಂಗಳೂರು ಬಿಟ್ಟು ಬೆಳಿಗ್ಗೆ ಫ್ರಾಂಕ್‌ಫರ್ಟ್ ಮುಟ್ಟುವ ವಿಮಾನ. ಅಂದು ಹುಣ್ಣಿಮೆ. ವರ್ಷಾವಾಸದ ಹುಣ್ಣಿಮೆಗಳಲ್ಲಿ ತಾಯಿ, ಮಗ ಇಬ್ಬರೂ ಅಷ್ಟಶೀಲ ಪಾಲಿಸುವವರು. ಎಂಟನೆಯ ಶೀಲವೆಂದರೆ ಉಚ್ಚಾಸಯನ, ಮಹಾಸಯನಗಳಿಂದ ದೂರವಿರುವುದು. ಎತ್ತರದ ಹಾಸಿಗೆ, ವೈಭವದ ಹಾಸಿಗೆ ಬೇಡ ಎಂದು ಅರ್ಥ. ‘ಗುಂಡಿ ಒತ್ತಿದರೆ ಸೀಟೇ ಮಂಚ ಆಗುತ್ತಂತೆ ಮೇಷ್ಟ್ರೇ. ಅದರ ಮೇಲೆ ಮಲಗಿದರೆ ಶೀಲ ಮುರಿದಂತೆಯೇ?’ ಎಂದು ಅವರು ಕೇಳಿದ್ದರು.

ಆಮೇಲೆ ಗುಂಪಿನಲ್ಲಿ ನಡೆದದ್ದು ನಿಮಗೆ ಗೊತ್ತೇ ಇದೆ. ‘ನಮ್ಮ ಜನ ಇನ್ನೂ ಬಸ್ಸಿನಲ್ಲಿ ನಿಂತು ಹೋಗುತ್ತಿರುವಾಗ ಇದೆಂಥ ಪ್ರಶ್ನೆ’ ಎಂದರು ಒಬ್ಬರು. ‘ಬೇರೆಯವರ ಮಕ್ಕಳು ಹೋದಾಗ ಯಾರೂ ಕೇಳದ್ದನ್ನು ನಮ್ಮ ಮಕ್ಕಳು ಹೋದಾಗ ಮಾತ್ರ ಯಾಕೆ ಕೇಳುತ್ತೀರಿ’ ಎಂದರು ಇನ್ನೊಬ್ಬರು. ಎರಡರಲ್ಲೂ ನೋವಿದೆ. ಆದರೆ ಆ ತಾಯಿ ಕೇಳಿದ್ದಕ್ಕೆ ಉತ್ತರ ಎರಡರಲ್ಲೂ ಇಲ್ಲ. ಅದಕ್ಕಾಗಿ ಇಂದಿನ ಚಿಂತನೆ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಆ ಮಂಚ ಎಂಥದ್ದೆಂದು ನೋಡೋಣ. ಬಿಸಿನೆಸ್ ಕ್ಲಾಸ್ ಎಂಬ ಮಾತೇ 1970ರ ದಶಕದ ಕೊನೆಯದು. ಮೊದಲು ಅದರಲ್ಲಿದ್ದದ್ದು ಅಗಲವಾದ ಕುರ್ಚಿ ಅಷ್ಟೇ. ಪೂರ್ತಿ ಚಪ್ಪಟೆಯಾಗುವ ಹಾಸಿಗೆಯನ್ನು ಈ ದರ್ಜೆಯಲ್ಲಿ ಮೊದಲು ತಂದದ್ದು ಬ್ರಿಟಿಷ್ ಏರ್‌ವೇಸ್, 2000ದಲ್ಲಿ. ಈಗ ದೂರದ ವಿಮಾನಗಳಲ್ಲಿ ಅದು ಸಾಮಾನ್ಯ. ಬೋಯಿಂಗ್ 777 ವಿಮಾನದಲ್ಲಿ ಹಲವು ಕಂಪನಿಗಳು ಹಿಂಭಾಗದ ಒಂದು ಸಾಲಿಗೆ ಹತ್ತು ಜನರನ್ನು ಕೂರಿಸುತ್ತವೆ. ಮುಂಭಾಗದಲ್ಲಿ ಅದೇ ಅಗಲಕ್ಕೆ ನಾಲ್ಕೇ ಜನ. ಹಿಂದಿನವರಿಗೆ ಮೊಣಕಾಲು ಚಾಚಲು ಜಾಗವಿಲ್ಲ, ಮುಂದಿನವರಿಗೆ ಆರಡಿಗೂ ಮೀರಿದ ಹಾಸಿಗೆ, ದಿಂಬು, ಹೊದಿಕೆ, ತಲೆಯ ಬಳಿ ಸಣ್ಣ ದೀಪ. ನಡುವೆ ಒಂದು ಪರದೆ. ಉಸಿರಾಡುವ ಗಾಳಿ ಮಾತ್ರ ಇಬ್ಬರಿಗೂ ಒಂದೇ, ಅಷ್ಟೇ ಒಣ ಗಾಳಿ.

ಇನ್ನು ಶೀಲದ ಮಾತು. ಭಿಕ್ಖುಗಳ ಮಂಚದ ಕಾಲು ಎಂಟು ಬೆರಳಿನ ಅಳತೆಯನ್ನು ಮೀರಬಾರದೆಂದು ವಿನಯದಲ್ಲಿದೆ. ಗೃಹಸ್ಥರಿಗೆ ದಿನನಿತ್ಯಕ್ಕೆ ಪಂಚಶೀಲ ಸಾಕು. ಎಂಟನೆಯದು ಉಪೋಸಥದ ಒಂದು ಹಗಲು ಒಂದು ರಾತ್ರಿಯ ಅಭ್ಯಾಸ. ಅಭ್ಯಾಸ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಅದಕ್ಕೆ ಸಿಕ್ಖಾಪದ, ಅಂದರೆ ಕಲಿಕೆಯ ಹೆಜ್ಜೆ ಎಂದು ಹೆಸರು. ಯಾವ ದೇವರಿಗೂ ಹೊತ್ತ ಹರಕೆ ಅಲ್ಲ, ತಪ್ಪಿದರೆ ಕಾಡುವ ಶಾಪವೂ ಇಲ್ಲ. ಆ ಹುಡುಗ ಮನಸ್ಸು ಮಾಡಿದ್ದರೆ ಸೀಟನ್ನು ಒರಗು ಕುರ್ಚಿಯ ಮಟ್ಟಕ್ಕೇ ನಿಲ್ಲಿಸಿ ರಾತ್ರಿ ಕಳೆಯಬಹುದಿತ್ತು. ಇಲ್ಲವೇ ಆ ಹುಣ್ಣಿಮೆಗೆ ಪಂಚಶೀಲವನ್ನಷ್ಟೇ ತೆಗೆದುಕೊಂಡು ಮುಂದಿನ ಅಷ್ಟಮಿಯಂದು ಎಂಟನ್ನೂ ಪಾಲಿಸಬಹುದಿತ್ತು. ಊಟದ ಶೀಲವೂ ಹಾಗೆಯೇ. ವಿಮಾನ ಏರಿದ ಕೂಡಲೇ ನಸುಕಿನಲ್ಲಿ ಬಡಿಸುತ್ತಾರೆ. ‘ಈಗ ಬೇಡ, ಇಳಿಯುವ ಮುಂಚೆ ಕೊಡಿ’ ಎಂದರೆ ಆ ದರ್ಜೆಯಲ್ಲಿ ಸಾಮಾನ್ಯವಾಗಿ ಒಪ್ಪುತ್ತಾರೆ. (ಪಶ್ಚಿಮಕ್ಕೆ ಹಾರುವವರಿಗೆ ರಾತ್ರಿಯೇ ಉದ್ದವಾಗುತ್ತದೆ. ಅರುಣೋದಯ ಯಾವ ಊರಿನದೆಂದು ಕೇಳುತ್ತಾ ಕೂತರೆ ಅವನ ಉಪೋಸಥ ನಮ್ಮದಕ್ಕಿಂತ ಕೆಲವು ಗಂಟೆ ಹೆಚ್ಚೇ ಆಯಿತು!)

ಸುಖವೇ ತಪ್ಪೆಂದು ಮಾತ್ರ ಯಾರೂ ತಿಳಿಯಬೇಡಿ. ಅನಾಥಪಿಂಡಿಕನಿಗೆ ಬುದ್ಧರು ಗೃಹಸ್ಥನ ನಾಲ್ಕು ಸುಖಗಳನ್ನು ಹೇಳಿದರು: ನ್ಯಾಯವಾಗಿ ದುಡಿದದ್ದು ಇದೆ ಎಂಬ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ನಿರ್ದೋಷದ ಸುಖ. ಬಾಬಾಸಾಹೇಬರೂ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಬಡತನವನ್ನು ಕೊಂಡಾಡಲಿಲ್ಲ. ಬಡತನ ಒಂದು ಪುಣ್ಯವೆಂದು ನಮಗೆ ಬೋಧಿಸಿದವರು ಬೇರೆಯವರು.

ಆದರೆ ಹಾಸಿಗೆ ಕೊಂಡವನಿಗೆ ನಿದ್ದೆಯೂ ಬರುತ್ತದೆಯೇ? ಇದನ್ನು ಹತ್ಥಕನೆಂಬ ಗೃಹಸ್ಥ ಬುದ್ಧರನ್ನೇ ಕೇಳಿದ. ಆಳವಿಯ ಸಿಂಸಪಾ ವನ, ದನಗಳು ಓಡಾಡುವ ದಾರಿ, ಚಳಿಗಾಲ. ಗೊರಸು ತುಳಿದು ಗಟ್ಟಿಯಾದ ನೆಲದ ಮೇಲೆ ತರಗೆಲೆ ಹಾಸಿಕೊಂಡು ಬುದ್ಧರು ಕೂತಿದ್ದರು. ‘ಭಂತೇ, ಚೆನ್ನಾಗಿ ನಿದ್ದೆ ಬಂತೇ?’ ಎಂದು ಹತ್ಥಕ ಕೇಳಿದ. ಬಂತು ಎಂದರು ಬುದ್ಧರು. ಅವನಿಗೆ ಆಶ್ಚರ್ಯ. ಆಗ ಬುದ್ಧರು ಒಬ್ಬ ಸಿರಿವಂತನ ಮಲಗುವ ಕೋಣೆಯನ್ನು ವರ್ಣಿಸಿದರು: ಗಾಳಿ ನುಗ್ಗದ ಭದ್ರ ಬಾಗಿಲು, ಮೆತ್ತನೆಯ ಉಣ್ಣೆಯ ಹಾಸು, ಮೇಲೆ ಚಪ್ಪರ, ಎರಡೂ ಬದಿಗೆ ಕೆಂಪು ದಿಂಬು, ಉರಿಯುವ ದೀಪ, ಸೇವೆಗೆ ನಿಂತ ನಾಲ್ವರು ಹೆಂಡತಿಯರು. ಓದಿದರೆ ವಿಮಾನ ಕಂಪನಿಯ ಜಾಹೀರಾತಿನಂತೆಯೇ ಇದೆ. ಅಂಥ ಹಾಸಿಗೆಯ ಮೇಲಿರುವವನೂ ರಾಗದಿಂದಲೋ ದ್ವೇಷದಿಂದಲೋ ಮೋಹದಿಂದಲೋ ಒಳಗೊಳಗೇ ಸುಡುತ್ತಿದ್ದರೆ ಅವನಿಗೆ ನಿದ್ದೆ ಬಂದೀತೇ ಎಂಬುದು ಅವರ ಪ್ರಶ್ನೆ.

ಇಷ್ಟು ಬರೆದುಕೊಂಡು ನಾನು ಆ ತಾಯಿಗೆ ಫೋನ್ ಮಾಡಿದೆ. ಹಾಸಿಗೆಯ ವಿಷಯ ಅವರು ಆಗಲೇ ಮರೆತಿದ್ದರು. ‘ಮೇಷ್ಟ್ರೇ, ಕೂತ ಕೂಡಲೇ ಹೆಸರು ಹಿಡಿದು, ಮುಂದೆ ಸರ್ ಅಂತ ಸೇರಿಸಿ ಮಾತಾಡಿಸಿದರಂತೆ. ಗಾಜಿನ ಲೋಟದಲ್ಲಿ ನೀರು ತಂದು ಕೈಗೆ ಕೊಟ್ಟರಂತೆ’ ಎಂದರು. ನೀರು ಎಂಬ ಮಾತು ಬಂದಾಗ ಅವರ ದನಿ ಒಡೆಯಿತು. ಅವರ ತಂದೆ ಹೋಟೆಲಿನಲ್ಲಿ ಎತ್ತಿ ಹೊಯ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದವರು.

ನನಗೆ ಆಗ ನೆನಪಾದದ್ದು ಇನ್ನೊಂದು ರಾತ್ರಿಯ ಪಯಣ. 1901. ಭೀಮರಾವ್ ಆಗ ಸುಮಾರು ಒಂಬತ್ತು ವರ್ಷದ ಹುಡುಗ. ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ, ಹೊಸ ಬಟ್ಟೆ ತೊಟ್ಟು, ತಂದೆಯನ್ನು ನೋಡಲು ಸಾತಾರಾದಿಂದ ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದ. ಮಹಾರರೆಂದು ತಿಳಿದ ಕೂಡಲೇ ಸ್ಟೇಷನ್ ಮಾಸ್ತರರ ಮುಖ ಬದಲಾಯಿತು. ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬ ದುಪ್ಪಟ್ಟು ಬಾಡಿಗೆಗೆ ಬಂದ. ಎತ್ತು ಹೊಡೆಯಬೇಕಾದವರು ಮಕ್ಕಳೇ, ಅವನು ಪಕ್ಕದಲ್ಲಿ ನಡೆದು ಬಂದ. ದುಪ್ಪಟ್ಟು ಹಣ ಕೊಟ್ಟವರಿಗೆ ಸಿಕ್ಕ ದರ್ಜೆ ಅದು. ರಾತ್ರಿ ಟೋಲ್ ಕಟ್ಟೆಯ ಬಳಿ ತಂಗಿದರು. ಬುತ್ತಿ ಕಟ್ಟಿಕೊಂಡು ಬಂದಿದ್ದ ಊಟ ಧಾರಾಳವಾಗಿತ್ತು. ಕುಡಿಯಲು ನೀರು ಸಿಗಲಿಲ್ಲ, ಆದ್ದರಿಂದ ಉಣ್ಣದೆಯೇ ಮಲಗಿದರು. ‘ವೇಯ್ಟಿಂಗ್ ಫಾರ್ ಎ ವೀಸಾ’ದಲ್ಲಿ ಬಾಬಾಸಾಹೇಬರೇ ಬರೆದಿದ್ದಾರೆ. ಅದನ್ನು ಓದಿದವರು ಆ ಗಾಜಿನ ಲೋಟವನ್ನು ಹಗುರವಾಗಿ ನೋಡಲಾರರು. ‘ಅದು ಬರೀ ಸೇವೆ, ಟಿಕೆಟ್ಟಿನಲ್ಲಿ ಸೇರಿದೆ’ ಎಂದು ಗುಂಪಿನಲ್ಲಿ ಬರೆದ ಗೆಳೆಯರು ಸುಳ್ಳು ಹೇಳಲಿಲ್ಲ. ಆದರೆ ಆ ತಾಯಿಯ ಮುಂದೆ ನಾನಂತೂ ಹಾಗೆನ್ನಲಾರೆ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಪಕ್ಕದ ಸೀಟಿನಲ್ಲಿ ನಮ್ಮ ದೇಶದವರೇ ಒಬ್ಬರು, ಹಿರಿಯರು. ಊರು ಯಾವುದು ಎಂದರು. ಆಮೇಲೆ ಪೂರ್ತಿ ಹೆಸರೇನು, ನಿಮ್ಮ ಕಡೆಯವರು ಯಾರು ಯಾರು, ಎಂದು ಒಂದೊಂದೇ ಕೇಳಿದರು. ಈ ಪ್ರಶ್ನೆಗಳು ಎಲ್ಲಿಗೆ ಹೋಗುತ್ತವೆಂದು ನಮಗೆಲ್ಲ ಗೊತ್ತು. ಹುಡುಗ ‘ನಾವು ಬೌದ್ಧರು’ ಎಂದ. ಅವರು ‘ಓ’ ಎಂದು ಹೆಡ್‌ಫೋನ್ ಹಾಕಿಕೊಂಡರು. ಅಷ್ಟೇ. ಬೈಗುಳವಿಲ್ಲ, ದೂರು ಕೊಡುವಂಥದ್ದೂ ಏನಿಲ್ಲ. ಹುಡುಗ ಆ ಹಾಸಿಗೆಯ ಮೇಲೆ ಫ್ರಾಂಕ್‌ಫರ್ಟ್ ತನಕ ಕಣ್ಣು ಮುಚ್ಚಲಿಲ್ಲ.

ಐದು ವರ್ಷಗಳಿಗೂ ಹೆಚ್ಚಲ್ಲದ ಅಮೆರಿಕ, ಇಂಗ್ಲೆಂಡುಗಳ ವಾಸ ಬಾಬಾಸಾಹೇಬರ ಮನಸ್ಸಿನಿಂದ ತಾನು ಅಸ್ಪೃಶ್ಯನೆಂಬುದನ್ನು ಅಳಿಸಿಹಾಕಿತ್ತು. 1917ರಲ್ಲಿ ಬರೋಡಾ ಸ್ಟೇಷನ್ನಿನಲ್ಲಿ ಇಳಿದಾಗ ತನಗೆ ಯಾರು ಮನೆ ಕೊಡುತ್ತಾರೆಂಬ ಪ್ರಶ್ನೆಯೊಂದೇ ಅದನ್ನು ಮತ್ತೆ ಎಬ್ಬಿಸಿತು. ಹೆಸರು ಮರೆಸಿ ಪಾರ್ಸಿ ವಸತಿಗೃಹದಲ್ಲಿದ್ದರು. ಕೋಲು ಹಿಡಿದವರು ಬಂದು ಅಲ್ಲಿಂದಲೂ ಹೊರಡಿಸಿದರು. ಕೊಲಂಬಿಯಾದ ಓದು ಆ ಬಾಗಿಲಲ್ಲಿ ನಡೆಯಲಿಲ್ಲ. ಇಂದು ಕೋಲಿಲ್ಲ, ಹೆಡ್‌ಫೋನ್ ಇದೆ.

ಇನ್ನು ಆ ಪರದೆ. 2016ರಲ್ಲಿ ಕ್ಯಾಥರೀನ್ ಡಿಸೆಲ್ಸ್, ಮೈಕೆಲ್ ನಾರ್ಟನ್ ಎಂಬ ಸಂಶೋಧಕರು ವಿಮಾನದೊಳಗಿನ ಜಗಳಗಳ ದಾಖಲೆಗಳನ್ನು ಪರಿಶೀಲಿಸಿದರು. ಮೇಲಿನ ದರ್ಜೆ ಇರುವ ವಿಮಾನಗಳಲ್ಲಿ ಹಿಂದಿನ ಸೀಟಿನವರ ಜಗಳ ಸುಮಾರು ನಾಲ್ಕು ಪಟ್ಟು. ಎಲ್ಲರೂ ಮುಂದಿನ ಬಾಗಿಲಿನಿಂದ ಹತ್ತಿ, ಆ ದೊಡ್ಡ ಸೀಟುಗಳನ್ನು ದಾಟಿಕೊಂಡು ಹೋಗುವಂತಿದ್ದರೆ ಇನ್ನೂ ಹೆಚ್ಚು. ವಿಚಿತ್ರವೆಂದರೆ ಹಾಗೆ ದಾಟುವಾಗ ಮುಂದೆ ಕೂತವರ ಸಿಟ್ಟೂ ಏರುತ್ತದೆ. ಸುಖವಾಗಿ ಕೂತವನಿಗೇಕೆ ಸಿಟ್ಟು? ಹಾಸಿಗೆಯಲ್ಲಿ ಮಹಾ ಎಂಬುದಕ್ಕಿಂತ ಉಚ್ಚ ಎಂಬುದೇ ಹೆಚ್ಚು ಸುಡುತ್ತದೆಂದು ನನಗೆ ತೋರುತ್ತದೆ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದದ್ದು ಇಂಥ ಮೆಟ್ಟಿಲುಗಳನ್ನೇ. ಪ್ರತಿಯೊಬ್ಬನಿಗೂ ಕೆಳಗೊಬ್ಬ ಬೇಕು. ಹೋಲಿಕೆಯನ್ನು ಹೆಚ್ಚು ಎಳೆಯಬಾರದು, ನಿಜ. ವಿಮಾನದ ಸೀಟು ಹುಟ್ಟಿನಿಂದ ಬರುವುದಿಲ್ಲ, ಇಳಿದ ಮೇಲೆ ಉಳಿಯುವುದೂ ಇಲ್ಲ. ಆದರೆ ಆ ಹಿರಿಯರಿಗೆ ಪಕ್ಕದಲ್ಲಿ ಸಮಾನ ಸೀಟಿನಲ್ಲಿ ಒಬ್ಬ ಕೂತದ್ದೇ ಸಾಲದಾಯಿತು. ಅಲ್ಲಿ ಪರದೆ ಇರಲಿಲ್ಲ, ಹೆಸರು ಕೇಳಿ ಅವರೇ ಒಂದು ಎಳೆದುಕೊಂಡರು.

ತಾಯಿಗೆ ನಾನು ಹೇಳಿದ್ದು ಇಷ್ಟು. ಅವನ ಶೀಲ ಮುರಿದಿಲ್ಲ. ಆ ಸೀಟು ಅವನ ದುಡಿಮೆಯದು, ಸಂಕೋಚಪಡಬೇಕಾಗಿಲ್ಲ. ನಿದ್ದೆ ಬಾರದ್ದಕ್ಕೆ ‘ದ್ವೇಷ ಬಿಡಪ್ಪ’ ಎಂದು ನಾನು ಅವನಿಗೆ ಬುದ್ಧಿ ಹೇಳಲಾರೆ. ಗಾಯಗೊಂಡವನಿಗೆ ಮೊದಲು ಹೇಳುವ ಮಾತು ಅದಲ್ಲ. ಹತ್ಥಕ ಸುತ್ತದಲ್ಲಿ ಸುಡುತ್ತಿರುವವನು ಹೆಡ್‌ಫೋನ್ ಹಾಕಿಕೊಂಡವನೂ ಆಗಬಹುದು ಎಂದೆ. ಸಂಜೆ ಅವನೇ ಫೋನ್ ಮಾಡಿದ. ‘ನೀರು ಕೊಟ್ಟ ಆ ಅಕ್ಕನ ಹೆಸರನ್ನು ನಾನು ಕೇಳಲೇ ಇಲ್ಲ ಸರ್’ ಎಂದ. ಅದನ್ನೇ ಎರಡು ಸಲ ಹೇಳಿದ.

ಭಾನುವಾರದ ಅಧ್ಯಯನದಲ್ಲಿ ಅಂಗುತ್ತರ ನಿಕಾಯದ ತಿಕ ನಿಪಾತದಿಂದ ಹತ್ಥಕ ಸುತ್ತವನ್ನು ಓದೋಣ. ‘ವೇಯ್ಟಿಂಗ್ ಫಾರ್ ಎ ವೀಸಾ’ ಪ್ರತಿ ಇರುವವರು ದಯವಿಟ್ಟು ತನ್ನಿ, ಮಕ್ಕಳನ್ನೂ ಕರೆತನ್ನಿ.

ಜೈಭೀಮ್.