ಕಾಲಡಿಯ ಮೇವು

ಪ್ರಿಯರೇ, ಯೆಹೆಜ್ಕೇಲನ ಗ್ರಂಥದ 34ನೆಯ ಅಧ್ಯಾಯದ 18ನೆಯ ವಚನವನ್ನು ಓದಿಕೊಳ್ಳಿರಿ. ತಾವು ಹೊಟ್ಟೆತುಂಬ ಮೇದ ಮೇಲೆ ಉಳಿದ ಹುಲ್ಲನ್ನು ತುಳಿದು ಕೆಡಿಸುವ ಕುರಿಗಳನ್ನು ಕರ್ತನು ಅಲ್ಲಿ ಗದರಿಸುತ್ತಾನೆ. ಮೇಯುವದಕ್ಕೆ ಆತನ ಅಪ್ಪಣೆಯುಂಟು. ತುಳಿದು ಹಾಳುಮಾಡುವದಕ್ಕೆ ಇಲ್ಲ.

ಅಮೇರಿಕ ದೇಶದ ಯೂಟಾ ಸೀಮೆಯಲ್ಲಿ ಕ್ಯಾನ್ಯನ್‌ಲ್ಯಾಂಡ್ಸ್ ಎಂಬ ಒಣ ಪ್ರದೇಶವುಂಟು. ಅಲ್ಲಿ ಹುಲ್ಲಿನ ಬುಡಗಳ ನಡುವೆ ಕಪ್ಪಾದ ತೆಳು ಪದರವೊಂದು ನೆಲವನ್ನು ಹೊದೆದಿರುತ್ತದೆ. ಕಣ್ಣಿಗೆ ಕಾಣದ ಜೀವಿಗಳೂ ಕಲ್ಲುಹೂವೂ ಹಾವಸೆಯೂ ಕೂಡಿ, ನೂಲಿನಿಂದ ಹೊಲಿದಂತೆ ಮರಳನ್ನು ಬಿಗಿದು, ಗಾಳಿಮಳೆಗೆ ಮಣ್ಣು ಹೋಗದಂತೆ ಕಾಯುತ್ತವೆ. ಗಾಳಿಯೊಳಗಿನ ಸಾರಜನಕವನ್ನೂ ನೆಲಕ್ಕೆ ಕೂಡಿಸುತ್ತವೆ. ದನಗಳ ಗೊರಸು ಬಿದ್ದರೆ ಒಣಗಿದ ಆ ಪದರವು ಹಪ್ಪಳದಂತೆ ಪುಡಿಯಾಗುವದು. ಮೇದ ಹುಲ್ಲು ಮುಂದಿನ ಮಳೆಗೆ ಚಿಗುರಬಹುದು. ಈ ಪದರವು ಕೂಡಿಬರುವದಕ್ಕೆ ಹತ್ತಾರು ವರುಷ ಬೇಕು. ಬಂಡೆಗಳ ನಡುವೆ ಇದ್ದುದರಿಂದ ದನ ಹೊಗದ ವರ್ಜೀನಿಯ ಪಾರ್ಕ್ ಎಂಬ ಬೈಲನ್ನೂ ದನ ಮೇದ ನೆರೆಯ ಚೆಸ್ಲರ್ ಪಾರ್ಕನ್ನೂ ಕ್ಲೈನರ್, ಹಾರ್ಪರ್ ಎಂಬ ಪಂಡಿತರು ಹೋಲಿಸಿ 1972ರಲ್ಲಿ ಬರೆದರು. ದನ ಹೊಗದ ಬೈಲಿನಲ್ಲಿ ಪದರವು ಹಲವು ಮಡಿ ಹೆಚ್ಚಾಗಿತ್ತು.

ನಾವೂ ದನಕುರಿಯುಳ್ಳವರು, ಮೇಯಿಸದೆ ನಮ್ಮ ಮಕ್ಕಳು ಬದುಕರು. ಆದರೂ ಗೋಮಾಳವು ನೆರೆಯವನದು, ನಾಳೆ ಹುಟ್ಟುವವರದು ಸಹ. ನಮ್ಮ ಹೊಟ್ಟೆ ತುಂಬಿದ ಮೇಲೆ ಕಾಲ ಕೆಳಗೆ ಏನು ಪುಡಿಯಾಯಿತೆಂದು ಬೊಗ್ಗಿ ನೋಡಿದೆವೋ? ಅಲ್ಪವೆಂದೆಣಿಸಿದ್ದನ್ನು ಕಾಯುವ ಮನಸ್ಸನ್ನು ಕರ್ತನು ನಮಗೆ ದಯಪಾಲಿಸಲಿ. ಆಮೆನ್.